ಕೊರಳ ಮಾಲೆ ಅಳಿಸಿದ ಚಿತ್ರ

ನನ್ನ ಮುಖಕ್ಕೆ ಪೋರ್ಚುಗಲ್ ದೇಶದಲ್ಲಿ ಬಹುಮಾನ ಬಂದಿದೆ. ನಾನು ಪಂಢರಪುರ ದಾಟಿ ಹೋದವನಲ್ಲ. ಮುಖ ಮುಂದೆ ಹೋಯಿತು, ಮೈ ಬೆಟಗೇರಿಯಲ್ಲೇ ಉಳಿಯಿತು. ಬಹುಮಾನದ ಕಾಗದದ ಮೇಲೆ ನಂದೀಶ ಸಾಹುಕಾರರ ಹೆಸರಿತ್ತು. ಮುಖ ನನ್ನದು, ಹೆಸರು ಅವರದು. ಇದನ್ನು ನಾನು ಬಹಳ ದಿನ ಒಳ್ಳೆಯ ಪಾಲುದಾರಿಕೆ ಎಂದೇ ತಿಳಿದುಕೊಂಡಿದ್ದೆ. ನನ್ನಷ್ಟು ಬುದ್ಧಿವಂತ ಗದಗ-ಬೆಟಗೇರಿಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ನನ್ನ ಹೆಸರು ಪ್ರಲ್ಹಾದ. ಜಾತಿಯಿಂದಲೂ ಕೆಲಸದಿಂದಲೂ ನೇಕಾರ. ಈಗ ಜಾತಿಯಿಂದ ಮಾತ್ರ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತೂ ಕೂತೂ ಮೊಣಕಾಲು ಸವೆದವು, ಬೆನ್ನು ಬಾಗಿತು, ಕೆನ್ನೆ ಒಳಗೆ ಹೋದವು. ಸೀರೆ ಕೇಳುವವರು ಇಲ್ಲದಾದಾಗ ಮಗ್ಗ ಬಿಚ್ಚಿ ಒಲೆಗೆ ಹಾಕಿದೆವು. ಕುಣಿ ಮುಚ್ಚಿ ಮೇಲೆ ಟೈಲ್ಸ್ ಹಾಕಿಸಿದೆವು. ಆಮೇಲೆ ಕೊಟ್ರಪ್ಪನವರ ಆಟೋದಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ ಹಿಡಿದೆ. ಕೈಕಾಲಿನ ಕೆಲಸ ಬದಲಾಯಿತು, ಕೂರುವುದು ಮಾತ್ರ ಹಾಗೇ ಉಳಿಯಿತು.

ಶಾಲೆ ಬಿಡುವುದನ್ನು ಕಾಯುತ್ತ ಆಟೋದಲ್ಲಿ ಕೂತಿದ್ದಾಗ ನಂದೀಶ ಸಾಹುಕಾರರು ನನ್ನನ್ನು ನೋಡಿದರು. ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಕೊರಳಲ್ಲಿ ಚಿನ್ನದ ಸರ, ಸರದ ಮೇಲೆ ಕ್ಯಾಮೆರಾ. ಕಾರು ನಿಲ್ಲಿಸಿ ಇಳಿದು ಬಂದು ನನ್ನ ಸುತ್ತ ಒಂದು ಸುತ್ತು ಹಾಕಿದರು.

"ಏನ್ ಮಾರಿ ಐತೋ ನಿಂದು! ಎಲ್ಲಿದ್ದಿ ಇಷ್ಟ ದಿನ?" ಅಂದರು.

ನನ್ನ ಮುಖವನ್ನು ಹೊಗಳಿದ ಮೊದಲ ಮನುಷ್ಯ ಅವರು. ಹೆಣ್ಣು ನೋಡಲು ಹೋದಾಗ ನನ್ನ ಹೆಂಡತಿ ಸಾವಂತ್ರೆವ್ವ ಕೂಡ ಬರೀ "ಆತು" ಅಂದಿದ್ದಳು. ನಾನು ಹಿಗ್ಗಿದೆ. ಹಿಗ್ಗಿದರೆ ಕೆಲಸ ಕೆಟ್ಟಿತು. "ನಗಬ್ಯಾಡ ಪ್ರಲ್ಹಾದಾ, ನಕ್ಕರ ಎಲ್ಲಾ ಹೋಗ್ತೈತಿ" ಅಂದರು ಸಾಹುಕಾರರು. ಅವತ್ತಿನಿಂದ ಅವರ ಎದುರು ನಗುವುದನ್ನು ಬಿಟ್ಟೆ. ಗಡ್ಡ ಬೋಳಿಸುವುದನ್ನೂ ಬಿಟ್ಟೆ, ಯಾಕೆಂದರೆ ಅದೂ ಅವರ ಅಪ್ಪಣೆಯೇ. ಸಾವಂತ್ರೆವ್ವ, "ನಿನ್ನ ಗಡ್ಡ ಆ ಸಾಹುಕಾರ್‍ದ, ನಿನ್ನ ಮಾರಿ ತೊಳ್ಯಾವರ ನಾವು" ಎಂದು ಬೈದಳು. ಅವಳಿಗೆ ಕಲೆ ತಿಳಿಯುವುದಿಲ್ಲ ಎಂದುಕೊಂಡೆ.

ಹೀಗೆ ನಾನು ಸಾಹುಕಾರರ 'ಮೂರನೆಯ ಕಣ್ಣು ಫೋಟೋ ಬಳಗ'ಕ್ಕೆ ಸೇರಿದೆ. ಸದಸ್ಯನಾಗಿ ಸೇರಿದೆ ಅಂದರೆ ಸುಳ್ಳಾಗುತ್ತದೆ. ಬಳಗದ ಬಡತನವಾಗಿ ಸೇರಿದೆ. ಅವರ ಹತ್ತಿರ ಲೆನ್ಸು ಇತ್ತು, ಕಾರು ಇತ್ತು, ಭಾನುವಾರ ಇತ್ತು. ಬಡತನ ಒಂದು ಇರಲಿಲ್ಲ, ಅದನ್ನು ನಾನು ಒದಗಿಸಿದೆ. ಶಿರಹಟ್ಟಿ ಕಡೆ ಹೋದರೆ ನಾನು ರೈತ. ಮುಂಡರಗಿ ಕಡೆ ಹೋದರೆ ಕಂಬಳಿ ಹೊದ್ದ ಕುರುಬ. ಲಕ್ಷ್ಮೇಶ್ವರದಲ್ಲಿ ಒಮ್ಮೆ ದರ್ಗಾದ ಹೊರಗೆ ಫಕೀರನಾಗಿದ್ದೆ. ಅಲ್ಲಿ ನಿಜವಾದ ಫಕೀರನೊಬ್ಬ ಬಂದು ಜಾಗ ಬಿಡು ಎಂದು ಜಗಳ ತೆಗೆದ. ರೈತನಾದಾಗ ನೇಗಿಲನ್ನು ತಿರುವುಮುರುವು ಹಿಡಿದಿದ್ದೆ. ಪೋರ್ಚುಗಲ್ಲಿಗೆ ಹೋದದ್ದು ಅದೇ ಚಿತ್ರ. ಅಲ್ಲಿ ಯಾರೂ ಉಳುವುದಿಲ್ಲವೋ ಏನೋ.

ನನ್ನಲ್ಲಿ ಅವರಿಗೆ ಬಹಳ ಹಿಡಿಸಿದ್ದು ನಾನು ಅಲುಗಾಡದೆ ಕೂರುವುದು. "ಬ್ಯಾರೆ ಮಂದಿ ಕೆರಕೋತಾರ, ನೊಣ ಹೊಡೀತಾರ. ಪ್ರಲ್ಹಾದ ಹಂಗಲ್ಲ, ಕಲ್ಲ ಇದ್ದಂಗ" ಎಂದು ಸಾಹುಕಾರರು ಹೊಸಬರಿಗೆ ತೋರಿಸುತ್ತಿದ್ದರು. ಮಗ್ಗದಲ್ಲಿ ಬೆನ್ನು ಮುರಿದುಕೊಂಡದ್ದಕ್ಕೆ ನನಗೆ ಸಿಕ್ಕ ಒಂದೇ ಮೆಚ್ಚುಗೆ ಅದು. ಕೂತದ್ದು ಮುಗಿದ ಮೇಲೆ ಅವರ ಚೀಲ ಹೊರುತ್ತಿದ್ದೆ, ಮೂರು ಕಾಲಿನ ಸ್ಟ್ಯಾಂಡು ಹೊರುತ್ತಿದ್ದೆ. ಕಲ್ಲು ಎದ್ದು ಕೂಲಿಯಾಗುತ್ತಿತ್ತು.

ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಸಾಹುಕಾರರ ಗೋದಾಮಿನ ಮೇಲಿನ ಹಾಲ್‌ನಲ್ಲಿ ಸಭೆ. ಪರದೆ ಎಳೆದು ಕತ್ತಲೆ ಮಾಡಿ ಗೋಡೆಯ ಮೇಲೆ ಚಿತ್ರ ಬಿಡುತ್ತಿದ್ದರು. ಒಬ್ಬರ ಚಿತ್ರದ ಬಗ್ಗೆ ಉಳಿದವರು ಮಾತಾಡಬೇಕು. ಕೊನೆಗೆ ತೆಗೆದವರು ಎದ್ದು ನಿಂತು ಚಪ್ಪಾಳೆ ತೆಗೆದುಕೊಳ್ಳಬೇಕು. ಪ್ರೊಜೆಕ್ಟರ್ ಹೊತ್ತು ತಂದು, ಲ್ಯಾಪ್‌ಟಾಪಿನ ಗುಂಡಿ ಒತ್ತಿ ಚಿತ್ರ ಬದಲಿಸುವ ಕೆಲಸ ನನ್ನದು. ಅವರು ಕುರ್ಚಿಯಲ್ಲಿ, ನಾನು ಸ್ಟೂಲಿನ ಮೇಲೆ. ಅವರಿಗೆ ಪಿಂಗಾಣಿ ಕಪ್ಪು, ನನಗೆ ಕಾಗದದ ಕಪ್ಪು. ಕೆಳಗಿನ ಮೆಣಸಿನಕಾಯಿ ಘಾಟಿಗೆ ಮಾತ್ರ ಭೇದ ಇರಲಿಲ್ಲ. ಎಲ್ಲರೂ ಸೀನುತ್ತಿದ್ದೆವು.

ಗೋಡೆಯ ಮೇಲೆ ನನ್ನ ಮುಖ ಬಂದಾಗ ನನ್ನ ಎದುರಿಗೇ ನನ್ನ ಬಗ್ಗೆ ಮಾತಾಡುತ್ತಿದ್ದರು. "ಈ ಕಣ್ಣಿನ್ಯಾಗ ನೋಡ್ರಿ, ಎಷ್ಟ ಹಸಿವು ಐತಿ" ಎನ್ನುತ್ತಿದ್ದರು ಹಲ್ಲಿನ ಡಾಕ್ಟರ್ ನೇತ್ರಾ ಮೇಡಂ. ಆ ಫೋಟೋ ತೆಗೆಯುವ ಮೊದಲು ನಾನು ತಟ್ಟೆ ತುಂಬ ಮಿರ್ಚಿ ತಿಂದಿದ್ದೆ. ಕಣ್ಣಲ್ಲಿ ಇದ್ದದ್ದು ಖಾರದ ನೀರು. ಆದರೂ ಅವರು ಹೇಳಿದ ಮೇಲೆ ನನಗೂ ಹಸಿವು ಕಾಣುತ್ತಿತ್ತು. ಪಾಪ ಈ ಮನುಷ್ಯ ಎಂದು ನನ್ನ ಮೇಲೇ ನನಗೆ ಕನಿಕರ ಬರುತ್ತಿತ್ತು. ಇಂಥ ಮಳ್ಳನನ್ನು ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಈ ವರ್ಷ ಆಷಾಢ ಏಕಾದಶಿ ಭಾನುವಾರ ಬಂತು. ನಾನು ಮಾಳಕರಿ. ಅಂದರೆ ವಿಠ್ಠಲನ ಹೆಸರಲ್ಲಿ ಕೊರಳಿಗೆ ತುಳಸಿ ಮಾಲೆ ಹಾಕಿಸಿಕೊಂಡವನು. ನನ್ನ ಅಪ್ಪನೂ ಹಾಕಿಸಿಕೊಂಡಿದ್ದ. ಮಾಲೆ ಬಿದ್ದ ಕೊರಳೊಳಗೆ ಹೆಂಡ ಇಳಿಯಬಾರದು, ಮಾಂಸ ಇಳಿಯಬಾರದು. ಏಕಾದಶಿಗೆ ಅನ್ನ ಇಳಿಯಬಾರದು. ಈ ಸಲ ಪಂಢರಪುರಕ್ಕೆ ಹೋಗಲು ಆಗಿರಲಿಲ್ಲ. ಉಪವಾಸ ಮಾಡಿ ಮನೆಯಲ್ಲೇ ಇರಬೇಕೆಂದಿದ್ದೆ. ಸಾಹುಕಾರರು ಫೋನ್ ಮಾಡಿ, "ಡೋಣಿ ಕಡೆ ಹೊಂಟೀವಿ, ಕಪ್ಪತಗುಡ್ಡ ಹಸರ ಆಗೇತಿ, ಜಲ್ದಿ ಬಾ" ಅಂದರು. ವಿಠ್ಠಲ ಕರೆದಿದ್ದರೆ ಇಷ್ಟು ಜಲ್ದಿ ಓಡುತ್ತಿದ್ದೆನೋ ಇಲ್ಲವೋ.

ಗುಡ್ಡ ಹತ್ತುವಾಗ ಎರಡೂ ಹೆಗಲಿಗೆ ಚೀಲ, ಕೈಯಲ್ಲಿ ಸ್ಟ್ಯಾಂಡು. ಮೇಲೆ ಅವರು ಗಾಳಿಯಂತ್ರ ತೆಗೆದರು, ಮೋಡ ತೆಗೆದರು, ಒಬ್ಬರನ್ನೊಬ್ಬರು ತೆಗೆದರು. ನನ್ನ ನೀರಿನ ಬಾಟಲಿಯನ್ನು ವೀರು ಅವರು ಲೆನ್ಸಿಗೆ ಹತ್ತಿದ ಕೆಸರು ತೊಳೆಯಲು ಇಸಿದುಕೊಂಡರು. ವೀರು ಅಂದರೆ ಕಂಪ್ಯೂಟರಿನಲ್ಲಿ ಎಲ್ಲರ ಚಿತ್ರ ತಿದ್ದಿಕೊಡುವವರು. ಮಧ್ಯಾಹ್ನ ಇಳಿಯುವಾಗ ಮೋಡ ಸರಿದು ಬಿಸಿಲು ಬಿತ್ತು. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಗುಡ್ಡದ ಬುಡದಲ್ಲಿ ಒಂದು ಪಾಳು ಗೋಡೆ ಇತ್ತು. ಯಾರೋ ಕುಡಿದು ಒಗೆದ ಬಾಟಲಿಗಳು ಅಲ್ಲಿ ಬಿದ್ದಿದ್ದವು. ಆ ಗೋಡೆಗೆ ಬೆನ್ನು ಹಚ್ಚಿ ಕುಸಿದೆ. ಕಣ್ಣಿಗೆ ಕತ್ತಲೆ ಬಂತು. ಧೋತರ ಎಲ್ಲಿ ಸರಿದಿದೆ ಎನ್ನುವ ಎಚ್ಚರ ಇರಲಿಲ್ಲ.

ಎಚ್ಚರ ಬಂದಾಗ ನನ್ನ ಬಾಯಿ ನೀರು ಕೇಳುತ್ತಿತ್ತು. ಕಿವಿಗೆ ಬಿದ್ದದ್ದು ಕಟಕ್ ಕಟಕ್ ಶಬ್ದ. ನಂದೀಶ ಸಾಹುಕಾರರು ನೆಲದ ಮೇಲೆ ಬೋರಲಾಗಿ ಮಲಗಿ ನನ್ನನ್ನು ತೆಗೆಯುತ್ತಿದ್ದರು. ಅವರ ಹಿಂದೆ ನೇತ್ರಾ ಮೇಡಂ ನಿಂತಿದ್ದರು. ಫೋಟೋ ಮುಗಿದ ಮೇಲೆ ಅವರೇ ಬಂದು ಗ್ಲುಕೋಸ್ ಕುಡಿಸಿದರು. ಒಳ್ಳೆಯ ಹೆಣ್ಣುಮಗಳು. ಮುಗಿಯುವ ತನಕ ಕಾದರು, ಅಷ್ಟೇ.

ಮುಂದಿನ ಸಭೆಯಲ್ಲಿ ಆ ಚಿತ್ರ ಗೋಡೆಯ ಮೇಲೆ ಬಂತು. ಬಾಯಿ ತೆರೆದು, ಕಣ್ಣು ಮೇಲೆ ಮಾಡಿ, ತೊಡೆ ಕಾಣುವ ಹಾಗೆ ಬಿದ್ದ ನಾನು, ಪಕ್ಕದಲ್ಲಿ ಬಾಟಲಿಗಳು. ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಸೀನು ಕೂಡ ನಿಂತವು. ಚಿತ್ರಕ್ಕೆ 'ಅಮಲು' ಎಂದು ಹೆಸರಿಟ್ಟರು.

"ಆ ತುಟಿ ನೋಡ್ರಿ. ಇನ್ನೂ ಬೇಕು ಅನ್ನಾಕತ್ತಾವ. ಕುಡಿತದ ಆಸೆ ಅಂದ್ರ ಇದ" ಅಂದರು ನೇತ್ರಾ ಮೇಡಂ.

"ಎಲ್ಲಾ ಚಲೋ ಐತಿ. ಕೊಳ್ಳಾಗ ಒಂದ ಮಾಲಿ ಐತಲ್ಲ, ಅದು ಕಣ್ಣಿಗೆ ಅಡ್ಡ ಬರ್ತೈತಿ. ಕುಡುಕಗ ಮಾಲಿ ಯಾಕ? ತಗದಬಿಡೂಣು" ಅಂದರು ವೀರು.

ಸಾಹುಕಾರರು ನನ್ನ ಕಡೆ ತಿರುಗಿದರು. "ಏನ್ ಪ್ರಲ್ಹಾದಾ, ತಗ್ಯೋಣೇನು?"

ಬಳಗದವರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ನಾನು ಸ್ಟೂಲಿನ ಮೇಲೆ ನೆಟ್ಟಗೆ ಕೂತೆ. ಗೋಡೆಯನ್ನು ದೂರದಿಂದ ನೋಡಿದೆ, ತಲೆ ವಾಲಿಸಿ ನೋಡಿದೆ, ಅವರು ಮಾಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದೆ. "ಹೌದ್ರಿ, ಅಡ್ಡ ಬರ್ತೈತಿ" ಅಂದೆ. ವೀರು ಅಲ್ಲೇ ಕೂತು ನನ್ನ ಕೊರಳನ್ನು ಬೋಳು ಮಾಡಿದರು. ಅಪ್ಪ ಹಾಕಿಸಿದ ಮಾಲೆ ಮಣಿಮಣಿಯಾಗಿ ಹೋಯಿತು. ನಾನು ಕೊರಳು ಮುಟ್ಟಿ ನೋಡಿಕೊಂಡೆ. ಮಾಲೆ ಇತ್ತು. ಹಾಗಾದರೆ ಹೋದದ್ದೇನು ಎಂದು ಸಮಾಧಾನಪಟ್ಟುಕೊಂಡು ಮುಂದಿನ ಚಿತ್ರಕ್ಕೆ ಗುಂಡಿ ಒತ್ತಿದೆ.

ದಸರಾ ರಜೆಯಲ್ಲಿ ನಾನು ಲಕ್ಷ್ಮೇಶ್ವರದ ತಂಗಿಯ ಮನೆಗೆ ಹೋಗಿದ್ದೆ. ವಾಪಸ್ ಬರುವಾಗ ಬಸ್ಸು ಮುಳಗುಂದ ನಾಕಾದಲ್ಲಿ ನಿಧಾನ ಆಯಿತು. ಕಿಟಕಿಯಲ್ಲಿ ನೋಡಿದರೆ ದೊಡ್ಡ ಫ್ಲೆಕ್ಸ್. ಅದರ ತುಂಬ ನನ್ನ ಮುಖ. ಮಂತ್ರಿಗಳದ್ದು ಕೂಡ ಅಷ್ಟು ದೊಡ್ಡದು ಇರುವುದಿಲ್ಲ. ಕೆಳಗೆ ಏನೋ ಬರೆದಿತ್ತು, ಓದುವ ಪುರುಸೊತ್ತು ಯಾರಿಗಿತ್ತು? ನಾನು ಸೀಟಿನಿಂದ ಎದ್ದು ನಿಂತು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದೆ.

"ನಾನ್ರೀ ಅದು! ನೋಡ್ರಿ, ನಾನ! ಬೆಟಗೇರಿ ಪ್ರಲ್ಹಾದ!"

ಜನ ಫ್ಲೆಕ್ಸ್ ನೋಡಿದರು, ನನ್ನನ್ನು ನೋಡಿದರು. ಪಕ್ಕದಲ್ಲಿದ್ದ ಹೆಣ್ಣುಮಗಳು ತನ್ನ ಚೀಲ ಎಳೆದುಕೊಂಡು ಹಿಂದಿನ ಸೀಟಿಗೆ ಹೋದಳು. ಇಷ್ಟು ದೊಡ್ಡ ಮನುಷ್ಯನ ಪಕ್ಕ ಕೂರಲು ನಾಚಿಕೆ ಇರಬೇಕು ಎಂದುಕೊಂಡೆ. ಬಸ್ಸಿನಿಂದ ಇಳಿದ ಮೇಲೆ ಚಹಾದ ಅಂಗಡಿಯಲ್ಲಿ ಹೇಳಿದೆ. ಓಣಿಯಲ್ಲಿ ಹೇಳಿದೆ. ಭಜನಿಯ ಮಂದಿಗೆ ಹೇಳಿದೆ. ಆ ಫೋಟೋದಲ್ಲಿ ಇರುವವನು ಯಾರೆಂದು ಗೊತ್ತಾಗದೆ ಇರುತ್ತಿತ್ತೋ ಏನೋ. ಊರಿಗೆಲ್ಲ ಡಂಗುರ ಹೊಡೆದವನು ನಾನೇ.

ಓದಿದವಳು ಮಗಳು ಅಂಕಿತಾ. ಕಾಲೇಜಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಮೊಬೈಲ್‌ನಲ್ಲಿ ತೆಗೆದುಕೊಂಡು ಬಂದದ್ದನ್ನು ಓದಿದಳು. 'ಈತ ಕುಡಿಯುತ್ತಿರುವುದು ಹೆಂಡತಿ ಮಕ್ಕಳ ಕಣ್ಣೀರು. ಕುಡಿತ ಬಿಡಿ, ಕುಟುಂಬ ಉಳಿಸಿ.' ಕೆಳಗೆ ಒಂದು ವ್ಯಸನಮುಕ್ತಿ ಸಮಿತಿಯ ಹೆಸರು. ಅದರ ಅಧ್ಯಕ್ಷರು ನಂದೀಶ ಸಾಹುಕಾರರ ಮಾವ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಬಸ್ ಸ್ಟ್ಯಾಂಡುಗಳಲ್ಲೂ ಈಗ ಹಾಕಿದ್ದಾರೆ ಎಂದು ಅವಳ ಗೆಳತಿಯರು ಹೇಳಿದ್ದರು.

ಸಾವಂತ್ರೆವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು. "ನನ್ನ ಕಣ್ಣೀರು ಎಂದ ಕುಡದಿ ನೀನು? ನಾ ಅತ್ತದ್ದರ ಎಂದ ನೋಡೀದಿ?" ಅಂದಳು. ಆಮೇಲೆ ನಿಜವಾಗಿ ಅತ್ತಳು. ನಾನು ಕೂತಲ್ಲೇ ಕೂತೆ. ನನಗೆ ಕೂರುವುದು ಚೆನ್ನಾಗಿ ಬರುತ್ತದಲ್ಲ.

ಶಾಲೆ ಶುರುವಾದ ದಿನ ಎಂದಿನಂತೆ ಆಟೋ ತೊಳೆದು ಹೊರಟೆ. ಮೊದಲನೆಯ ಮನೆ ಮುಂದೆ ಹಾರ್ನ್ ಹೊಡೆದೆ. ತಾಯಿ ಬಾಗಿಲು ಅರ್ಧ ತೆಗೆದು, "ಇವತ್ತ ಆರಾಮಿಲ್ರಿ ಹುಡುಗಗ" ಅಂದಳು. ಅವಳ ಹಿಂದೆ ಹುಡುಗ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದ. ಎರಡನೆಯ ಮನೆಯಲ್ಲಿ ಅಪ್ಪ ಬೈಕ್ ಮೇಲೆ ಕೂರಿಸಿಕೊಂಡು ನನ್ನ ಎದುರೇ ಹೋದ. ಮುಂದಿನ ಮನೆಯವರು ಬಾಗಿಲನ್ನೇ ತೆಗೆಯಲಿಲ್ಲ. ಕೊನೆಗೆ ಮುಮ್ತಾಜ ಆಪಾ ಸಿಕ್ಕರು. ನಾಕಾದಲ್ಲಿ ತರಕಾರಿ ಮಾರುವವರು, ಮೊಮ್ಮಗಳು ನನ್ನ ಆಟೋದಲ್ಲಿ ಬರುತ್ತಾಳೆ. ಅವರು ಮಾತ್ರ ಮುಚ್ಚುಮರೆ ಮಾಡಲಿಲ್ಲ.

"ಪ್ರಲ್ಹಾದಣ್ಣಾ, ನೀ ಕುಡ್ಯಂಗಿಲ್ಲ ಅಂತ ನನಗ ಗೊತ್ತು. ಆದ್ರ ದಿನಾ ನನ್ನ ಗಾಡಿ ಎದುರಿಗೇ ನೀ ಬಿದ್ದಿರ್ತಿ. ಸೊಸಿ ನೋಡ್ತಾಳ. ನಾ ಏನಂತ ಹೇಳ್ಲಿ ಆಕಿಗೆ?"

ಖಾಲಿ ಆಟೋ ಶಾಲೆಯ ತನಕ ಓಡಿಸಿದೆ. ಯಾಕೆ ಹೋದೆ ನನಗೇ ತಿಳಿಯದು. ಅಲ್ಲಿಂದ ಕೊಟ್ರಪ್ಪನವರ ಮನೆಗೆ ಹೋದೆ. ಅವರು ಆಗಲೇ ಕಟ್ಟೆಯ ಮೇಲೆ ಕಾಯುತ್ತಿದ್ದರು. ಕೈ ಚಾಚಿದರು. "ಕೀಲಿ ಕೊಡಪಾ. ಪಾಲಕರು ಮುಂಜಾನಿಂದ ಫೋನ್ ಮಾಡಾಕತ್ತಾರ. ಖರೆ ಸುಳ್ಳು ನಾ ಕೇಳಂಗಿಲ್ಲ. ಆ ಫೋಟೋ ಇಳಿಲಿ, ಆಮ್ಯಾಲ ಬಾ." ಕೀಲಿ ಕೊಟ್ಟೆ. ಕೀಲಿಯಲ್ಲಿ ಒಬ್ಬ ಹುಡುಗಿ ಕಟ್ಟಿದ್ದ ಬಣ್ಣದ ದಾರ ಇತ್ತು, ಅದನ್ನು ಬಿಚ್ಚಿಕೊಳ್ಳಲೂ ತೋಚಲಿಲ್ಲ.

ಈಗ ವಿಷಯ ಸರಳ. ಫ್ಲೆಕ್ಸ್ ಇಳಿದರೆ ನನ್ನ ಅನ್ನ ನನಗೆ. ನಾನು ಸಾಹುಕಾರರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಭಾನುವಾರ ಸಭೆ ಇತ್ತು. ಧಾರವಾಡದಿಂದ ಒಬ್ಬ ದೊಡ್ಡ ಫೋಟೋದವರು ಅತಿಥಿಯಾಗಿ ಬರುವವರಿದ್ದರು. ಎಂದಿನಂತೆ ಪ್ರೊಜೆಕ್ಟರ್ ಹೊತ್ತು ಮೆಟ್ಟಿಲು ಹತ್ತಿದೆ. ಮೇಲೆ ಸಾಹುಕಾರರು ಒಬ್ಬರೇ ಸಿಕ್ಕರು.

"ಅದನ್ನ ಇಳಸ್ರಿ ಸಾಹುಕಾರ್ರ. ನನ್ನ ಗಾಡಿ ಹೋತು" ಅಂದೆ.

"ಪ್ರಲ್ಹಾದಾ, ಅದು ನೀನಲ್ಲೋ. ಅದೊಂದು ಸಂಕೇತ. ಸಮಾಜದ ಸಲುವಾಗಿ ಐತಿ."

"ಸಂಕೇತಕ್ಕ ನನ್ನ ಮಾರಿ ಐತ್ರಿ."

"ಎಷ್ಟ ಮಂದಿ ಅದನ್ನ ನೋಡಿ ಕುಡಿಯೂದು ಬಿಟ್ಟಿರ್ತಾರ, ವಿಚಾರ ಮಾಡು. ನಿನಗ ಪುಣ್ಯ ಬರ್ತೈತಿ. ಮತ್ತ ಅದು ಸಮಿತೀದು, ನನ್ನ ಕೈಯಾಗಿಲ್ಲ. ತಾನ ಹಳೇದಾಗಿ ಹರೀತೈತಿ ಬಿಡು. ಹೋಗು, ವಾಯರ್ ಜೋಡಸು, ಅತಿಥಿಗೋಳು ಬಂದ್ರು."

ನಾನು ಹೋಗಿ ವಾಯರ್ ಜೋಡಿಸಿದೆ. ಹೌದು, ಜೋಡಿಸಿದೆ. ಸಿಟ್ಟು ಹೊಟ್ಟೆಯಲ್ಲಿತ್ತು, ಕೈ ಮಾತ್ರ ಹೇಳಿದ ಕೆಲಸ ಮಾಡುತ್ತಿತ್ತು. ನನ್ನ ಕೈಗಳಿಗೆ ಬೇರೆ ಏನೂ ಕಲಿಸಿರಲಿಲ್ಲ.

ಚಿತ್ರಗಳು ಒಂದೊಂದಾಗಿ ಹೋದವು. ಕಣಗಿನಹಾಳದ ಸೂರ್ಯಕಾಂತಿ ಹೊಲ, ಯಾರದೋ ಬೆಕ್ಕು, ಭೀಷ್ಮ ಕೆರೆಯ ಸಂಜೆ. ಆಮೇಲೆ ನಾನು ಬಂದೆ. ಅತಿಥಿಗಳು ಕುರ್ಚಿಯಿಂದ ಮುಂದೆ ಬಾಗಿದರು. "ಅದ್ಭುತ. ಎಲ್ಲಿ ಸಿಕ್ಕ ನಿಮಗ ಈ ಕುಡುಕ?" ಅಂದರು. ನಾನು ಅವರ ಮೊಣಕೈ ಹತ್ತಿರವೇ ಕೂತಿದ್ದೆ. ಆಗಷ್ಟೇ ಅವರಿಗೆ ಚಹಾ ಕೊಟ್ಟಿದ್ದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ.

"ಡೋಣಿ ಹತ್ರ ಸಿಕ್ಕಾ ಸರ್" ಅಂದರು ಸಾಹುಕಾರರು. "ನೆಕ್ಸ್ಟ್ ಪ್ರಲ್ಹಾದಾ."

ನಾನು ಗುಂಡಿ ಒತ್ತಲಿಲ್ಲ.

"ಪ್ರಲ್ಹಾದಾ, ನೆಕ್ಸ್ಟ್."

ಎದ್ದೆ. ನಡೆದುಕೊಂಡು ಹೋಗಿ ಗೋಡೆಯ ಮುಂದೆ ನಿಂತೆ. ಬೆಳಕು ಕಣ್ಣಿಗೆ ಹೊಡೆಯಿತು. ಚಿತ್ರ ನನ್ನ ಅಂಗಿಯ ಮೇಲೆ, ಕೈಯ ಮೇಲೆ, ಮುಖದ ಮೇಲೆ ಬಿತ್ತು.

"ಬಾಜೂ ಸರಿಯೋ, ನೆರಳು ಬೀಳಾಕತ್ತೈತಿ" ಎಂದು ವೀರು ಕೂಗಿದರು.

"ಸರಿಯಂಗಿಲ್ರಿ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಆ ಕುಡುಕ ನಾನ್ರಿ. ಅವತ್ತ ಏಕಾದಶಿ ಇತ್ತು. ಬೆಳಗಿಂದ ಹೊಟ್ಟಿಗೆ ಏನೂ ಇರಲಿಲ್ಲ. ನಿಮ್ಮ ಚೀಲಾ ಹೊತ್ತು ಬಿದ್ದೆ. ನನ್ನ ನೀರಾಗ ನೀವು ಲೆನ್ಸ್ ತೊಳದ್ರಿ. ಮೇಡಂರ, ಇನ್ನೂ ಬೇಕು ಅಂತಾವ ಅಂದ್ರಲ್ಲಾ ಈ ತುಟಿ, ನೋಡ್ರಿ ಇಲ್ಲಿ. ನೀರು ಅನ್ನಾಕತ್ತಿದ್ದೆ ನಾನು. 'ನೀ' ಅನ್ನೂಮುಂದ ಫೋಟೋ ಹೊಡದ್ರಿ. ಪೂರಾ ಅನ್ನಾಕೂ ಬಿಡಲಿಲ್ಲ."

ನೇತ್ರಾ ಮೇಡಂ ತಲೆ ತಗ್ಗಿಸಿದರು. ಅತಿಥಿಗಳು ಸಾಹುಕಾರರ ಕಡೆ ನೋಡಿದರು.

"ಕೊಳ್ಳಾಗ ಮಾಲಿ ಇತ್ತು. ನೀವು ಅಳಸಿದ್ರಿ. ನಾ ಎಂದರ ಕುಡದೀನಿ ಅಂತ ನಿಮ್ಮೊಳಗ ಒಬ್ರು ಹೇಳ್ರಿ, ನಾ ಸರೀತೀನಿ."

ಒಬ್ಬರಾದರೂ ಹೌದು ಪ್ರಲ್ಹಾದಾ ತಪ್ಪಾಯಿತು ಅನ್ನಬಹುದಿತ್ತು. ಅಂದಿದ್ದರೆ ಮಳ್ಳ ನಾನು ಬಹುಶಃ ಅತ್ತು, ಸ್ಟೂಲಿಗೆ ವಾಪಸ್ ಹೋಗಿ ಕೂತು, ಮುಂದಿನ ಚಿತ್ರ ಹಾಕುತ್ತಿದ್ದೆ. ಆದರೆ ನಂದೀಶ ಸಾಹುಕಾರರು ಮೆಲ್ಲಗೆ ಕ್ಯಾಮೆರಾ ಎತ್ತಿದರು.

"ಹಂಗ ನಿಂದ್ರು. ಅಲುಗ್ಯಾಡಬ್ಯಾಡ. ಮಾರಿ ಮ್ಯಾಲ ಅದ ಮಾರಿ ಬಿದ್ದೈತಿ. ಆ ಸಿಟ್ಟು ಹಂಗ ಇರ್ಲಿ ಪ್ರಲ್ಹಾದಾ, ಭಾಳ ಚಲೋ ಬಂದೈತಿ."

ಕಟಕ್. ವೀರು ಅವರೂ ಎತ್ತಿದರು. ಅತಿಥಿಗಳೂ ಎತ್ತಿದರು. ಕತ್ತಲೆಯಲ್ಲಿ ಕಟಕ್ ಕಟಕ್. ನಾಚಿಕೆಗೇಡಿನ ಮಾತು ಏನೆಂದರೆ, ನನ್ನ ಮೈ ತಂತಾನೇ ಅಲುಗಾಡದೆ ನಿಂತುಬಿಟ್ಟಿತು. ಗದ್ದ ಕೂಡ ಸ್ವಲ್ಪ ಮೇಲೆ ಹೋಯಿತು. ಸಿಟ್ಟಿನ ನಡುವೆಯೂ ಪೋಸ್ ಕೊಡುತ್ತಿದ್ದೆ. ಅದು ತಿಳಿದ ಕ್ಷಣ ನನ್ನ ಮೇಲೆ ನನಗೆ ಅಸಹ್ಯ ಹುಟ್ಟಿತು. ಹೋಗಿ ವಾಯರ್ ಕಿತ್ತೆ. ಗೋಡೆ ಕಪ್ಪಾಯಿತು. "ಲೈಟ್ ಹಚ್ರಿ, ಲೈಟ್" ಎಂದು ಯಾರೋ ಕೂಗಿದರು, ಇನ್ನೊಬ್ಬರು ಸೀನಿದರು. ನಾನು ತಡಕಾಡಿಕೊಂಡು ಮೆಟ್ಟಿಲು ಇಳಿದೆ. ಮೊದಲ ಸಲ ಏನನ್ನೂ ಹೊರದೆ ಇಳಿದೆ.

ನೇರ ಕಟಿಂಗ್ ಅಂಗಡಿಗೆ ಹೋಗಿ ಕೂತೆ. "ಬೋಳಿಸು" ಅಂದೆ.

"ಸಾಹುಕಾರ್‍ನ್ನ ಕೇಳೀದೇನು?" ಅಂದ ಅಂಗಡಿಯವನು. ನನ್ನ ಗಡ್ಡದ ಕಥೆ ಓಣಿಗೆಲ್ಲ ಗೊತ್ತಿತ್ತು.

"ಗಡ್ಡ ನಂದೈತಿ. ಬೋಳಿಸು."

ಮನೆಗೆ ಹೋದರೆ ಸಾವಂತ್ರೆವ್ವ ಬಾಗಿಲಲ್ಲಿ ನಿಂತು ನೋಡಿದಳು. "ಆತು" ಅಂದಳು. ಅದನ್ನು ಹೊಗಳಿಕೆ ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಆಟೋದ ಮಡ್‌ಗಾರ್ಡಿಗೆ ಹಚ್ಚಲು ತಂದಿದ್ದ ಬಣ್ಣದ ಡಬ್ಬಿ ಮನೆಯಲ್ಲಿತ್ತು. ಮರುದಿನ ಮುಂಜಾನೆ, ಮಂದಿ ಓಡಾಡುವ ಹೊತ್ತಿನಲ್ಲೇ, ನಾನು ಅಂಕಿತಾ ಇಬ್ಬರೂ ಮುಳಗುಂದ ನಾಕಾಕ್ಕೆ ಹೋದೆವು. ಹಗಲು ಹೊತ್ತಿನಲ್ಲಿ ಮರ್ಯಾದೆ ಹೋಗಿತ್ತು, ಹಗಲು ಹೊತ್ತಿನಲ್ಲೇ ತರಬೇಕು ಎಂದವಳು ಅವಳು. ಮುಮ್ತಾಜ ಆಪಾ ಬಾಜೂ ಅಂಗಡಿಯಿಂದ ಏಣಿ ಇಸಿದುಕೊಟ್ಟು ತಾವೇ ಬುಡ ಹಿಡಿದುಕೊಂಡರು. ಬಿಸಿಲು ಏರುತ್ತಿತ್ತು. ಕುಣಿಯಲ್ಲಿ ಸವೆದ ಮೊಣಕಾಲು ಒಂದೊಂದು ಮೆಟ್ಟಿಲಿಗೂ ನರಳಿತು. ಹತ್ತಿದೆ. ನನ್ನ ಕೊರಳು ನನ್ನ ಎದುರಿಗೆ ಬಂತು, ಬೋಳಾಗಿ, ಎತ್ತಿನ ಕೊರಳಿನಷ್ಟು ದೊಡ್ಡದಾಗಿ. ಒಂದೊಂದೇ ಮಣಿ ಬರೆಯತೊಡಗಿದೆ.

ಮಂದಿ ಸೇರಿದರು. ಗಡ್ಡ ಇಲ್ಲದ ನನ್ನ ಗುರುತು ಯಾರಿಗೂ ಸಿಗಲಿಲ್ಲ. "ಯಾಕಪಾ, ಆ ಕುಡುಕ ನಿನಗ ಏನ್ ಆಗ್ಬೇಕು?" ಎಂದು ಒಬ್ಬ ಕೇಳಿದ.

"ಅಂವ ಕುಡುಕಲ್ಲ. ನಮ್ಮಪ್ಪ ಅದಾನ" ಅಂದಳು ಅಂಕಿತಾ. ಆಮೇಲೆ ನನ್ನ ಕೈಯಿಂದ ಬ್ರಷ್ ಇಸಿದುಕೊಂಡು, ನನ್ನನ್ನು ಇಳಿಸಿ, ತಾನು ಹತ್ತಿದಳು. ಕೆಳಗಿದ್ದ ಕಣ್ಣೀರಿನ ಸಾಲಿಗೆ ಅಡ್ಡ ಗೆರೆ ಹೊಡೆದಳು. ತೆರೆದ ಬಾಯಿಯ ಪಕ್ಕದಲ್ಲಿ ದೊಡ್ಡದಾಗಿ ಒಂದೇ ಮಾತು ಬರೆದಳು. ನೀರು.

ಯಾರೋ ಸುದ್ದಿ ಮುಟ್ಟಿಸಿರಬೇಕು, ಅಷ್ಟರಲ್ಲಿ ಸಾಹುಕಾರರ ಕಾರು ಬಂದು ನಿಂತಿತು. ಇಳಿಯುತ್ತಲೇ ಕ್ಯಾಮೆರಾ ಮೇಲೆ ಬಂತು, ಅವರ ಕೈಗೂ ಬೇರೆ ಏನೂ ಕಲಿಸಿಲ್ಲ. ಕಣ್ಣಿಗೆ ಹಚ್ಚಿ ನನ್ನನ್ನು ಹುಡುಕಿದರು. ಕ್ಯಾಮೆರಾ ಇಳಿಸಿದರು.

"ಏ, ಗಡ್ಡ ಎಲ್ಲೋ?" ಫ್ಲೆಕ್ಸ್‌ಗಿಂತ ಅದೇ ಅವರಿಗೆ ದೊಡ್ಡ ನಷ್ಟವಾಗಿ ಕಂಡಿತು. "ಮುಂದಿನ ತಿಂಗಳ ಸ್ಪರ್ಧಾ ಐತಲ್ಲೋ! ಈ ಮಾರಿ ತಗೊಂಡ ನಾ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ್ರಿ. ಇದು ನನಗ ಬೇಕಾಗೇತಿ."

"ಸಮಿತಿಯವರು ಕೇಸ್ ಹಾಕ್ತಾರ ನೋಡು. ಚಿತ್ರಾ ಕೆಡಿಸಿದಿ ನೀನು."

"ಹಾಕ್ಲಿ. ಕೋರ್ಟಿನ್ಯಾಗ ಮಾಲಿ ತೋರಸ್ತೀನಿ. ನಿಮ್ಮ ಹಾಲ್‌ನ್ಯಾಗ ನೀವ ಕೇಳಿದ್ರಿ, ತಗ್ಯೋಣೇನು ಅಂತ. ನಾ ಹೂಂ ಅಂದಿದ್ದೆ. ಈಗ ಬ್ಯಾಡ ಅಂತೀನಿ."

ಅವರು ಇನ್ನೂ ಏನೋ ಹೇಳುವವರಿದ್ದರು. ಮುಮ್ತಾಜ ಆಪಾ ನಡುವೆ ಬಂದು, "ಸಾಹುಕಾರ್ರ, ಬಾಜೂ ಸರೀರಿ, ನೆರಳು ಬೀಳಾಕತ್ತೈತಿ" ಅಂದರು. ಸಭೆಯ ಕಥೆ ಅವರಿಗೆ ಏಣಿ ಹಿಡಿದಾಗ ಹೇಳಿದ್ದೆ. ನಕ್ಕೆ. ಸಾಹುಕಾರರ ಎದುರಿಗೆ, ಹಲ್ಲು ಕಾಣುವ ಹಾಗೆ, ಎಷ್ಟೋ ವರ್ಷಕ್ಕೆ ನಕ್ಕೆ.

ಕೊಟ್ರಪ್ಪನವರು ಕೀಲಿ ಕೊಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನೂ ಮೂರು ಊರಲ್ಲಿ ನನ್ನ ಕೊರಳು ಬೋಳಾಗಿದೆ. ಅಂಕಿತಾ ಕಾಲೇಜಿಗೆ ಹೋದಳು. ನಾನು ಡಬ್ಬಿ ಬ್ರಷ್ ಹಿಡಿದು ಅಲ್ಲೇ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಬಿಸಿಲಲ್ಲಿ ನಿಂತು ಗಂಟಲು ಒಣಗಿತ್ತು. ಬಸ್ಸು ನಾಕಾ ದಾಟುವಾಗ ಕಿಟಕಿ ಹತ್ತಿರ ಕೂತಿದ್ದ ಮುದುಕಿ ಹೊರಗೆ ನೋಡಿದಳು.

"ಅಯ್ಯ, ಯಾಂವನೋ ಪಾಪ, ನೀರ ಕೇಳಾಕತ್ತಾನ. ಮಾಳಕರಿ ಕಾಣಸ್ತಾನ" ಅಂದಳು.

"ನಾನ್ರೀ ಅದು" ಅಂದೆ. ಈ ಸಲ ಕೂಗಲಿಲ್ಲ.

ಮುದುಕಿ ನನ್ನ ನುಣ್ಣನೆಯ ಮುಖ ನೋಡಿದಳು, ಕೊರಳ ಮಾಲೆ ನೋಡಿದಳು, ಕೈಗೆ ಮೆತ್ತಿದ ಬಣ್ಣ ನೋಡಿದಳು. ನಂಬಿದಳೋ ಇಲ್ಲವೋ. ಚೀಲಕ್ಕೆ ಕೈ ಹಾಕಿ ಬಾಟಲಿ ತೆಗೆದು ನನ್ನ ಕೈಗಿಟ್ಟಳು.

"ಕುಡಿ. ಪೂರಾ ಖಾಲಿ ಮಾಡಬ್ಯಾಡ ಮತ್ತ, ಲಕ್ಷ್ಮೇಶ್ವರ ತನಕ ನಾನೂ ಹೋಗಬೇಕು."